ಸುಣ್ಣ ತರುವ ಸುದ್ದಿ

ಮಲಗಿದ ಹಸುವಿನ ನರಕ್ಕೆ ಕ್ಯಾಲ್ಸಿಯಂ ಏರಿಸಲು ಇಬ್ಬರು ಬೇಕು. ಒಬ್ಬರು ಬಾಟಲಿ ಹಿಡಿದು ನಿಲ್ಲಬೇಕು. ಇನ್ನೊಬ್ಬರು ಹಸುವಿನ ಎದೆಯ ಸದ್ದಿಗೆ ಕಿವಿಗೊಟ್ಟು ಕೂರಬೇಕು. ಪಶು ಆಸ್ಪತ್ರೆಯಲ್ಲಿ ಅಟೆಂಡರಾಗಿದ್ದಷ್ಟು ಕಾಲವೂ ನಾನು ಬಾಟಲಿ ಹಿಡಿದವನು.

ಎಸ್ಸೆಸ್ಸೆಲ್ಸಿ ಪಾಸು ಮಾಡಿ ಆ ಕೆಲಸಕ್ಕೆ ಸೇರಿದ್ದೆ. ದನ ಹಿಡಿದು ಕಟ್ಟುವುದು, ಸೂಜಿ ಕುದಿಸುವುದು, ಔಷಧಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಡಾಕ್ಟರ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಹಳ್ಳಿ ಹಳ್ಳಿ ಸುತ್ತುವುದು. ಹಾಲುಜ್ವರ ಬಂದು ನೆಲ ಹಿಡಿದ ಹಸು ಸಿಕ್ಕಿದರೆ ಡಾಕ್ಟರು ಅದರ ಕುತ್ತಿಗೆಯ ನರಕ್ಕೆ ಸೂಜಿ ಹಾಕಿ, ಬಾಟಲಿಯನ್ನು ನನ್ನ ಕೈಗೆ ಕೊಟ್ಟು, ಸ್ಟೆತಸ್ಕೋಪನ್ನು ಹಸುವಿನ ಎಡ ಮೊಣಕೈಯ ಹಿಂದೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. "ಎತ್ತು" ಅಂದರೆ ಎತ್ತಬೇಕು. ಔಷಧಿ ಬೇಗ ಇಳಿಯುತ್ತದೆ. "ಇಳಿಸು" ಅಂದರೆ ತಗ್ಗಿಸಬೇಕು, ನಿಧಾನವಾಗುತ್ತದೆ. "ಎತ್ತು" ಅನ್ನುತ್ತಿದ್ದದ್ದು ಕಡಿಮೆ. "ಇಳಿಸು, ಇನ್ನೂ ಇಳಿಸು" ಎಂಬುದೇ ಹೆಚ್ಚು. ಬಿಸಿಲಿನಲ್ಲಿ ನನ್ನ ತೋಳು ಸೋಲುತ್ತಿತ್ತು. ಒಂದೇ ಸಲಕ್ಕೆ ಸುರಿದು ಮುಗಿಸುವುದನ್ನು ಬಿಟ್ಟು ಈ ಮನುಷ್ಯ ಯಾಕೆ ಹೀಗೆ ಎಳೆಯುತ್ತಾನೆ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಅವರು ಕಿವಿಯಲ್ಲಿ ಏನು ಕೇಳಿ ಹಾಗೆ ಹೇಳುತ್ತಾರೆ ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು, ಒಳ್ಳೆಯ ಮನುಷ್ಯ.

ನಿವೃತ್ತನಾಗಿ ಊರಿಗೆ ಬಂದ ಮೇಲೆ ಜನ ನನ್ನನ್ನು ಡಾಕ್ಟ್ರಣ್ಣ ಎಂದು ಕರೆಯತೊಡಗಿದರು. ಮೊದಮೊದಲು ಅದು ತಮಾಷೆಯ ಮಾತು. ನಾನು ಹುಳದ ಔಷಧಿ ಕುಡಿಸಿ, ಗಾಯಕ್ಕೆ ಮುಲಾಮು ಹಚ್ಚಿ, ಆಮೇಲಾಮೇಲೆ ಸೂಜಿಯನ್ನೂ ಹಾಕತೊಡಗಿದಾಗ ತಮಾಷೆ ಹೋಗಿ ಹೆಸರೇ ಆಯಿತು. ದೊಡ್ಡಬಳ್ಳಾಪುರದ ಔಷಧಿ ಅಂಗಡಿಯಿಂದ ತಂದ ಒಂದೆರಡು ಬಾಟಲಿ ಮನೆಯಲ್ಲಿ ಯಾವಾಗಲೂ ಇರುತ್ತಿದ್ದವು.

ಅದೇ ಊರಿನಲ್ಲಿ ನನ್ನ ತಂಗಿಯ ಮನೆ. ಗಂಡ ತೀರಿಹೋದ ಮೇಲೆ ಅವಳು ಒಂದು ಸೀಮೆಹಸುವನ್ನು ಸಾಕಿ ಅದರ ಹಾಲಿನಲ್ಲಿಯೇ ಸಂಸಾರ ತೂಗಿಸುತ್ತಿದ್ದಳು. ಕಪ್ಪು ಬಿಳುಪಿನ, ದೊಡ್ಡ ಕೆಚ್ಚಲಿನ ಹಸು. ಅದರ ಮೈ ತೊಳೆದು ಅವಳು ಕೊಟ್ಟಿಗೆಯಿಂದ ಹೊರಗೆ ಹಿಡಿದು ನಿಂತರೆ, ಮಾಕಳಿದುರ್ಗದ ಬೆಟ್ಟ ಹತ್ತಲು ಬಂದ ಬೆಂಗಳೂರಿನ ಹುಡುಗರು ಬೈಕು ನಿಲ್ಲಿಸಿ ಫೋಟೋ ಹೊಡೆದುಕೊಂಡು ಹೋಗುತ್ತಿದ್ದರು.

ಆ ಹಸು ಒಂದು ಬೆಳಿಗ್ಗೆ ಹೆಣ್ಣುಕರು ಹಾಕಿತು. ಅಂದೇ ಮಧ್ಯಾಹ್ನ ನಮ್ಮ ಮನೆಗೆ ಬೀಗರು ಬರುವವರಿದ್ದರು. ಕರು ಹಾಕಿದ ಹಸುವಿನ ಮೊದಲ ಹಾಲಿನಿಂದ ಗಿಣ್ಣು ಮಾಡಿ ಬೆಲ್ಲ ಏಲಕ್ಕಿ ಹಾಕಿ ನೆಂಟರಿಷ್ಟರಿಗೆ ಹಂಚುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಹಂಚದಿದ್ದರೆ ಹಸುವಿಗೆ ದೃಷ್ಟಿಯಾಗುತ್ತದೆ ಎನ್ನುತ್ತಾರೆ. ಹಿಂದೆ ನಾಟಿಹಸು ಕೊಡುತ್ತಿದ್ದುದು ಒಂದು ಚೊಂಬು ಗಿಣ್ಣುಹಾಲು. ಅದನ್ನು ಪೂರ್ತಿ ಕರೆದರೂ ಹಸುವಿಗೆ ಏನೂ ಆಗುತ್ತಿರಲಿಲ್ಲ. ಈ ಸೀಮೆಹಸುವಿನ ಕೆಚ್ಚಲಿನಲ್ಲಿ ಬಿಂದಿಗೆಗಟ್ಟಲೆ ಇತ್ತು.

ತಂಗಿ ಅರ್ಧ ಕರೆದು ಎದ್ದಳು. "ಸಾಕು ಕಣಣ್ಣ. ಮೂರು ದಿನ ಪೂರ್ತಿ ಹಿಂಡಬ್ಯಾಡಿ ಅಂತ ಆಸ್ಪತ್ರೆ ಮೇಡಮ್ಮೋರು ಹೇಳವ್ರೆ."

"ಆ ಯಮ್ಮ ಪುಸ್ತಕ ನೋಡ್ಕಂಡು ಹೇಳ್ತಾಳೆ. ನಾನು ಕಣ್ಣಲ್ಲಿ ನೋಡ್ದೋನು," ಎಂದೆ. "ಕೆಚ್ಚಲು ಕಟ್ಕಂಡ್ರೆ ಬಾವು ಬತ್ತದೆ. ಬೀಗರ ಮುಂದೆ ಒಂದು ಸೌಟು ಗಿಣ್ಣು ಇಕ್ಕಕ್ಕಾಗುತ್ತಾ? ಏಳು, ನಾನು ಕರೀತೀನಿ."

ಕೂತು ಕೊನೆಯ ಹನಿಯವರೆಗೂ ಕರೆದೆ. ಬೀಗರು ಎರಡೆರಡು ಸಲ ಬಡಿಸಿಕೊಂಡು ತಿಂದರು. ಡಬ್ಬಿಗೂ ಹಾಕಿಸಿಕೊಂಡರು. ಸಂಜೆ ಮತ್ತೆ ಕರೆದು ಇಡೀ ಬೀದಿಗೆ ಹಂಚಿಸಿದೆ.

ಮಾರನೆಯ ದಿನ ಬೆಳಿಗ್ಗೆ ಹಸು ಏಳಲಿಲ್ಲ. ಕುತ್ತಿಗೆಯನ್ನು ಮಡಿಚಿ ತಲೆಯನ್ನು ಪಕ್ಕೆಗೆ ಆನಿಸಿಕೊಂಡು ಮಲಗಿತ್ತು. ಕಿವಿ ಮುಟ್ಟಿದರೆ ಹೊಂಡದ ನೀರಿನಷ್ಟು ತಣ್ಣಗೆ. ಹಾಲುಜ್ವರ ಎಂದು ಹೆಸರಿದ್ದರೂ ಅದರಲ್ಲಿ ಮೈ ಬಿಸಿಯಾಗುವುದಿಲ್ಲ, ಆರಿ ಹೋಗುತ್ತದೆ. ತಂಗಿ ಪಶು ಆಸ್ಪತ್ರೆಯ ಡಾಕ್ಟರಮ್ಮನಿಗೆ ಫೋನು ಮಾಡಿದಳು. ಆಕೆ ನಾನು ನಿವೃತ್ತನಾದ ಮೇಲೆ ಬಂದವರು, ವಯಸ್ಸಿನಲ್ಲಿ ಚಿಕ್ಕವರು. ಬೇರೆ ಊರಿನಲ್ಲಿದ್ದೇನೆ, ಹೊರಟೆ, ಅಲ್ಲಿಯವರೆಗೆ ನರಕ್ಕೆ ಯಾರೂ ಏನೂ ಹಾಕಬೇಡಿ ಎಂದರು. ಫೋನಿನಿಂದ ಆ ಮಾತು ನನಗೂ ಕೇಳಿಸಿತು. ಯಾರೂ ಎಂದರೆ ನಾನೇ ಎಂದು ಅರ್ಥವಾಗಿ ಮೈ ಉರಿಯಿತು.

"ನೀನು ರೈಲ್ವೆ ಗೇಟ್ ಹತ್ರ ಹೋಗಿ ನಿಂತ್ಕ. ಆ ಯಮ್ಮಂಗೆ ದಾರಿ ತಪ್ಪುತ್ತೆ," ಎಂದು ತಂಗಿಯನ್ನು ಕಳಿಸಿದೆ. ದಾರಿ ತಪ್ಪುವ ಊರಲ್ಲ ನಮ್ಮದು. ಅವಳು ಕಣ್ಣೀರು ಒರೆಸಿಕೊಂಡು ಓಡಿದಳು.

ಮನೆಗೆ ಹೋಗಿ ಬಾಟಲಿ ತಂದೆ. ಕುತ್ತಿಗೆಯ ನರವನ್ನು ಹೆಬ್ಬೆರಳಿನಿಂದ ಒತ್ತಿದೆ. ಅದು ಹನಿ ನೀರಾವರಿಯ ಪೈಪಿನಂತೆ ಉಬ್ಬಿತು. ಸೂಜಿ ಸರಿಯಾಗಿಯೇ ಹೋಯಿತು. ಆ ವಿಷಯದಲ್ಲಿ ನನ್ನ ಕೈ ತಪ್ಪಿದ್ದಿಲ್ಲ. ಅರ್ಧ ಬಾಟಲಿ ಇಳಿಯುವಷ್ಟರಲ್ಲಿ ಹಸುವಿನ ತೊಡೆ ನಡುಗಿತು. ದೊಡ್ಡದಾಗಿ ತೇಗಿತು. ಸಗಣಿ ಹಾಕಿತು. ಮಡಿಚಿದ ಕುತ್ತಿಗೆಯನ್ನು ಬಿಡಿಸಿ ಕಿವಿ ಎತ್ತಿ ಕರುವಿನ ಕಡೆ ನೋಡಿತು. ಹಾಲುಜ್ವರದ ಹಸು ಉಳಿಯಿತು ಎನ್ನುವುದಕ್ಕೆ ಇವೆಲ್ಲ ಗುರುತು. ಅಲ್ಲಿಗೆ ನಿಲ್ಲಿಸಿದ್ದರೆ, ಬಾಟಲಿಯನ್ನು ಸೊಂಟದ ಮಟ್ಟಕ್ಕೆ ಇಳಿಸಿದ್ದರೆ, ಸಾಕಿತ್ತು. ಆದರೆ ಡಾಕ್ಟರಮ್ಮ ಒಳಗೆ ಬರುವ ಹೊತ್ತಿಗೆ ಹಸು ಎದ್ದು ನಿಂತಿರಬೇಕು ಎಂಬ ಹಟ ನನಗೆ. ಬಾಟಲಿಯನ್ನು ತಲೆಯ ಮೇಲಕ್ಕೆ ಎತ್ತಿದೆ. ಸಾಲದೆ ಅದನ್ನು ಹಿಂಡಿದೆ.

ಹಸು ಒಮ್ಮೆ ಕೂಗಿತು. ನಾಲ್ಕೂ ಕಾಲು ಚಾಚಿ ಪಕ್ಕಕ್ಕೆ ಬಿತ್ತು. ಮೂಗಿನ ಮೇಲಿದ್ದ ನೊಣ ಹಾರಿ ಮತ್ತೆ ಅಲ್ಲಿಯೇ ಕೂತಾಗ ನನಗೆ ತಿಳಿಯಿತು.

ಸೂಜಿ ಕಿತ್ತು, ಬಾಟಲಿಯನ್ನು ಹುಲ್ಲಿನ ಮೆದೆಯೊಳಗೆ ತೂರಿಸಿದೆ. ಅಷ್ಟರಲ್ಲಿ ಸ್ಕೂಟರಿನ ಸದ್ದಾಯಿತು. ಹಿಂದೆ ತಂಗಿ ಕೂತಿದ್ದಳು. ಗೂಡ್ಸ್ ರೈಲಿಗಾಗಿ ಗೇಟು ಹಾಕಿದ್ದರಿಂದ ಅವರು ಅಲ್ಲಿ ನಿಲ್ಲಬೇಕಾಗಿತ್ತಂತೆ. ಡಾಕ್ಟರಮ್ಮ ಹಸುವಿನ ಕಣ್ಣು ಮುಟ್ಟಿ ನೋಡಿದರು. ಕುತ್ತಿಗೆಯ ಕೂದಲನ್ನು ಬೆರಳಿನಿಂದ ಸರಿಸಿದರು. "ಯಾರಾದ್ರೂ ಏನಾದ್ರೂ ಹಾಕಿದ್ರಾ?" ಎಂದು ಕೇಳಿದರು.

"ಇಲ್ಲ ಮೇಡಂ," ಎಂದೆ. ಅಲ್ಲಿಗೂ ಬಾಯಿ ಮುಚ್ಚಲಿಲ್ಲ. "ಒಂಚೂರು ಮುಂಚೆ ಬಂದಿದ್ರೆ ಉಳ್ಕಳದು," ಎಂದೆ.

ನನ್ನ ತಂಗಿ ಯಾರಿಗೂ ಏರಿದ ದನಿಯಲ್ಲಿ ಮಾತಾಡಿದವಳಲ್ಲ. ಅವತ್ತು ಆ ಹುಡುಗಿಗೆ ಮಣ್ಣು ತೂರಿದಳು. "ಸಂಬಳ ತಗಂತೀರಲ್ಲಮ್ಮ, ಬಾಯಿಲ್ಲದ ಜೀವ ತಿಂದ್ಬಿಟ್ರಲ್ಲ, ನಿಮ್ಮ ಹೊಟ್ಟೆ ತಣ್ಣಗಿರುತ್ತಾ" ಎಂದೆಲ್ಲ ಕೂಗಿದಳು. ಬೀದಿಯ ಜನ ಸೇರಿದರು. ಡಾಕ್ಟರಮ್ಮ ಒಂದು ಸಲ ನನ್ನ ಮುಖ ನೋಡಿ, ಪೆಟ್ಟಿಗೆ ಮುಚ್ಚಿಕೊಂಡು ಹೋದರು. ನಾನು ಕರುವನ್ನು ಹಿಡಿದುಕೊಂಡು ನಿಂತಿದ್ದೆ.

ಅಂದಿನಿಂದ ಊರಿನಲ್ಲಿ ಆಕೆಗೆ 'ಲೇಟ್ ಮೇಡಂ' ಎಂದು ಹೆಸರು ಬಿತ್ತು. ಹಾಲಿನ ಡೈರಿಯ ಮುಂದೆ ತಂಗಿಯೇ ಆ ಕತೆಯನ್ನು ಎಷ್ಟೋ ಸಲ ಹೇಳಿದಳು. ನಾನು ಪಕ್ಕದಲ್ಲಿ ತಲೆಯಾಡಿಸಿದೆ. ಕೆಲವರು ಆಕೆಯನ್ನು ಕರೆಯುವುದನ್ನೇ ಬಿಟ್ಟು ನನ್ನ ಬಳಿಗೆ ಬಂದರು. ಕೈ ನಡುಗುತ್ತದೆ, ಕಣ್ಣು ಮಂಜು ಎಂದು ನೆಪ ಹೇಳಿ ಕಳಿಸಿದೆ. ನರಕ್ಕೆ ಸೂಜಿ ಹಾಕುವುದನ್ನು ಬಿಟ್ಟೇಬಿಟ್ಟೆ. ಆದರೆ ಯಾಕೆ ಬಿಟ್ಟೆ ಎಂದು ಯಾರಿಗೂ ಹೇಳಲಿಲ್ಲ. ರೋಗ ಜೋರಿತ್ತು, ಹೇಗೂ ಸಾಯುತ್ತಿತ್ತು ಎಂದು ನನಗೆ ನಾನೇ ಹೇಳಿಕೊಂಡು ಹಲವು ವರ್ಷ ಅನ್ನ ತಿಂದೆ. ಕ್ಯಾಲ್ಸಿಯಂ ಅಂದರೆ ಸುಣ್ಣದಂಶ, ಮೂಳೆಗೆ ಬಲ. ಬಲ ಕೊಡುವ ವಸ್ತು ಎಷ್ಟು ಹೋದರೇನು ಎಂಬುದು ನನ್ನ ವಾದ.

ಆ ವಾದ ಬಿದ್ದದ್ದು ನನ್ನ ಕಾಲುಗಳ ಊತದಿಂದ. ಬಿಪಿಗೆ ಮಾತ್ರೆ ನುಂಗುತ್ತಿದ್ದೆ. ಸಂಜೆಯಾದರೆ ಚಪ್ಪಲಿಯ ಪಟ್ಟಿ ಕಾಲಿಗೆ ಹಿಡಿಯುತ್ತಿತ್ತು. ದೊಡ್ಡಬಳ್ಳಾಪುರದ ಡಾಕ್ಟರಿಗೆ ತೋರಿಸಿದೆ.

"ಈ ಮಾತ್ರೆಗೆ ಕೆಲವರಿಗೆ ಕಾಲು ಊದುತ್ತೆ ತಾತ. ಬೇರೆ ಕೊಡ್ತೀನಿ," ಎಂದರು. "ಇದು ಕ್ಯಾಲ್ಸಿಯಂ ಬಾಗಿಲು ಮುಚ್ಚೋ ಮಾತ್ರೆ. ರಕ್ತನಾಳದ ಗೋಡೇಲಿ ಮಾಂಸದ ಎಳೆಗಳಿರ್ತವೆ. ಅದರ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿದ್ರೆ ಬಿಗ್ಕೊಳ್ತವೆ. ಬಾಗಿಲು ಸ್ವಲ್ಪ ಓರೆ ಮಾಡಿದ್ರೆ ಸಡಿಲ ಆಗ್ತವೆ."

"ಕ್ಯಾಲ್ಸಿಯಂ ಮೂಳೆಗಲ್ವಾ ಸಾರ್?"

"ಮೂಳೆಗೂ ಹೌದು. ಆದ್ರೆ ಜೀವಕೋಶಕ್ಕೆ ಸುದ್ದಿ ಮುಟ್ಟಿಸೋ ಆಳೂ ಅದೇ. ಹೃದಯಕ್ಕೂ ಅದೇ ಹೇಳ್ಬೇಕು. ಮುಂದಿನವರನ್ನ ಕಳಿಸಿ ತಾತ."

ಬಸ್ಸಿನಲ್ಲಿ ಕೂತವನಿಗೆ ಊರು ಬಂದದ್ದು ಗೊತ್ತಾಗಲಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸು ನಡೆದೆ. ಹೃದಯಕ್ಕೂ ಅದೇ ಹೇಳಬೇಕು. ನಾನು ಆ ಹಸುವಿನ ಹೃದಯಕ್ಕೆ ಏನು ಹೇಳಿದ್ದೆ?

ಅದೇ ದಿನಗಳಲ್ಲಿ ತಂಗಿಯ ಕೊಟ್ಟಿಗೆಯಲ್ಲಿ ಆ ಕರು ಹಸುವಾಗಿ ಬೆಳೆದು ಮೂರನೆಯ ಸಲ ಗಬ್ಬವಾಗಿತ್ತು. ತಾಯಿಯ ಹಾಲು ಒಂದೇ ದಿನ ಕಂಡ ಅದನ್ನು ಅವಳು ಬೇರೆ ಮನೆಯ ಹಾಲನ್ನು ಬಾಟಲಿಯಲ್ಲಿ ಕುಡಿಸಿ ಸಾಕಿದ್ದಳು. ಈಗ ಅದೇ ಅವಳ ಒಂದೇ ಹಸು. ತಾಯಿಯದೇ ಕೆಚ್ಚಲು. ಹಾಲುಜ್ವರ ಮೊದಲ ಸೂಲಿನಲ್ಲಿ ಬರುವುದು ಅಪರೂಪ. ಹಾಲು ಹೆಚ್ಚುತ್ತಾ ಮೂರು, ನಾಲ್ಕನೆಯದಕ್ಕೆ ಬರುತ್ತದೆ. ಅಷ್ಟು ಆಸ್ಪತ್ರೆಯ ಕೆಲಸ ನನಗೂ ಕಲಿಸಿತ್ತು.

ತಂಗಿ ಒಂದು ದಿನ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಅಣ್ಣಾ, ಈ ಸಲ ನೀನು ಇಲ್ಲೇ ಇರ್ಬೇಕು ಕಣೋ. ಕೈ ನಡುಗ್ಲಿ, ಏನಾದ್ರೂ ಆಗ್ಲಿ. ಆ ಲೇಟ್ ಮೇಡಮ್ಮನ್ನ ಮಾತ್ರ ನಾನು ಕರೆಯಕ್ಕಿಲ್ಲ," ಎಂದಳು.

ನನ್ನ ಸುಳ್ಳು ಹಳೆಯ ಹಸುವಿನೊಂದಿಗೆ ಮಣ್ಣಾಗಿದೆ ಎಂದುಕೊಂಡಿದ್ದೆ. ಅದು ಈ ಹಸುವಿಗಾಗಿ ಕಾಯುತ್ತಾ ಕೂತಿತ್ತು. ಡಾಕ್ಟರಮ್ಮನನ್ನು ಕರೆಯದಿದ್ದರೆ ಇದೂ ಹೋಗುತ್ತದೆ. ಕರೆಯಬೇಕಾದರೆ ನಾನು ಬಾಯಿ ಬಿಡಬೇಕು. ಇದರ ನಡುವೆ ಬೇರೆ ದಾರಿ ಇದೆಯೇ ಎಂದು ಎರಡು ದಿನ ಹುಡುಕಿದೆ. ಇರಲಿಲ್ಲ. ಮೂರನೆಯ ದಿನ ಅಂಗಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆ.

ಡಾಕ್ಟರಮ್ಮ ಒಂದು ಮೇಕೆಯ ಬಾಯಿ ಬಿಡಿಸಿ ನೋಡುತ್ತಿದ್ದರು. ಮೇಕೆ ಹೋಗುವವರೆಗೆ ಕಾದು, ನಿಂತೇ ಎಲ್ಲವನ್ನೂ ಹೇಳಿದೆ. ಆಕೆ ಕೈ ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಕುತ್ತಿಗೆ ಕೂದಲಲ್ಲಿ ರಕ್ತದ ಹನಿ ಇತ್ತು ಯಜಮಾನ್ರೇ. ನನಗೆ ಅವತ್ತೇ ಗೊತ್ತು."

"ಮತ್ತೆ ಯಾಕೆ ಹೇಳಲಿಲ್ಲ ಮೇಡಂ?"

"ಹೇಳಿದ್ರೆ ಯಾರು ನಂಬ್ತಿದ್ರು? ನೀವು ಊರಿಗೆ ಅಣ್ಣ. ನಾನು ಸ್ಕೂಟರಲ್ಲಿ ಬಂದ ಹುಡುಗಿ." ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. "ನಿಮ್ಮೂರಿಂದ ಅದಾದ ಮೇಲೆ ಎಷ್ಟು ಜನ ನನ್ನ ಕರೆದ್ರು ಗೊತ್ತಾ? ಕರೀದೇ ಇದ್ದಿದ್ದಕ್ಕೆ ಎಷ್ಟು ದನ ಹೋದ್ವು, ಅದೂ ಗೊತ್ತಾ?"

ಗೊತ್ತಿರಲಿಲ್ಲ. ಲೆಕ್ಕ ಕೇಳುವ ಧೈರ್ಯವೂ ಇರಲಿಲ್ಲ.

"ಕ್ಷಮೆ ಕೇಳೋಕೆ ಬಂದಿದ್ರೆ ಹೊರಡಿ. ನನಗೆ ಕೆಲಸ ಇದೆ," ಎಂದರು.

"ಕೇಳಕ್ಕೆ ಬಂದಿರೋದು ಬೇರೆ," ಎಂದೆ. "ಅರ್ಧ ಬಾಟ್ಲಿಗೆ ತೇಗಿದ ಹಸು, ಮಿಕ್ಕಿದ್ದಕ್ಕೆ ಯಾಕೆ ಸತ್ತೋಯ್ತು? ಅದನ್ನ ತಿಳ್ಕಳ್ದೆ ನಾನು ಇಲ್ಲಿಂದ ಹೋಗಕ್ಕಿಲ್ಲ."

ಆಕೆ ಸ್ಟೂಲು ತೋರಿಸಿದರು. ಅಂದು ಕೇಳಿದ್ದನ್ನು ನನಗೆ ಅರ್ಥವಾದ ಮಟ್ಟಿಗೆ ಬರೆಯುತ್ತೇನೆ.

ಮೂಳೆ ಸುಣ್ಣದ ಉಗ್ರಾಣ. ಅಲ್ಲಿಂದ ಅದು ರಕ್ತಕ್ಕೆ ಬರುತ್ತದೆ. ಮೈಯಲ್ಲಿರುವ ಪ್ರತಿಯೊಂದು ಜೀವಕೋಶದ ಹೊರಗೂ ಕ್ಯಾಲ್ಸಿಯಂ ತುಂಬಿ ನಿಂತಿರುತ್ತದೆ. ಒಳಗೆ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಹೊರಗಿರುವುದರ ಹತ್ತು ಸಾವಿರದಲ್ಲಿ ಒಂದು ಪಾಲು. ಅದು ತಾನಾಗಿಯೇ ಹಾಗಿರುವುದಿಲ್ಲ. ಒಳಗೆ ಬಂದದ್ದನ್ನು ಕೋಶ ಬಿಡುವಿಲ್ಲದೆ ಹೊರಗೆ ಎತ್ತಿ ಹಾಕುತ್ತಿರುತ್ತದೆ; ತಾನು ತಿಂದ ಅನ್ನದ ಬಲವನ್ನು ಅದಕ್ಕೇ ಖರ್ಚು ಮಾಡುತ್ತದೆ.

"ಇಷ್ಟು ಕಷ್ಟ ಯಾಕೆ ಮೇಡಂ? ಇದ್ರೆ ಇರ್ಲಿ ಅಂತ ಬಿಡ್ಬೋದಲ್ಲ?"

"ನಿಮ್ಮ ತಂದೆ ಏನು ಮಾಡ್ತಿದ್ರು?"

"ನೀರುಗಂಟಿ. ಕೆರೆ ತೂಬು ತೆಗೆಯೋರು."

"ಹಾಗಾದ್ರೆ ಹೇಳಿ. ಗದ್ದೇಲಿ ಮೊಣಕಾಲುದ್ದ ನೀರು ನಿಂತಿದ್ರೆ, ಅಪ್ಪ ತೂಬು ತೆಗೆದಿದ್ದು ಗದ್ದೆಯವನಿಗೆ ಗೊತ್ತಾಗುತ್ತಾ?"

ಗೊತ್ತಾಗುವುದಿಲ್ಲ. ಒಣಗಿದ ಕಾಲುವೆಯಲ್ಲಿ ನೀರು ಸದ್ದು ಮಾಡುತ್ತಾ ಬಂದರೆ ಮಾತ್ರ ಅದು ಸುದ್ದಿ. ಅಪ್ಪ ತೂಬು ತೆಗೆದ ದಿನ ಕೆಳಗಿನ ಬಯಲಿನವರು ಮನೆಯಿಂದ ಓಡಿ ಬರುತ್ತಿದ್ದರು. ಕೋಶವೂ ಹಾಗೆಯೇ ಒಳಗನ್ನು ಒಣಗಿಸಿಟ್ಟುಕೊಂಡು ಕಾಯುತ್ತದೆ. ಬಾಗಿಲು ಕ್ಷಣಮಾತ್ರ ತೆರೆದರೆ ಕ್ಯಾಲ್ಸಿಯಂ ನುಗ್ಗುತ್ತದೆ. ನುಗ್ಗಿದ್ದೇ ಸುದ್ದಿ. ಕೇಳಿಸಿಕೊಂಡ ಕೂಡಲೇ ಅದನ್ನು ಮತ್ತೆ ಹೊರಗೆ ಹಾಕಬೇಕು, ಮುಂದಿನ ಸುದ್ದಿಗೆ ಜಾಗ ಮಾಡಬೇಕು. ನರದ ತುದಿಗೆ ಅದು ನುಗ್ಗಿದರೆ ನರ ತನ್ನ ಮಾತನ್ನು ಮಾಂಸಖಂಡಕ್ಕೆ ದಾಟಿಸುತ್ತದೆ. ಮಾಂಸಖಂಡದೊಳಗೆ ಸಣ್ಣ ಚೀಲಗಳಲ್ಲಿ ಕಟ್ಟಿಟ್ಟ ಕ್ಯಾಲ್ಸಿಯಂ ಹೊರಗೆ ಬಂದರೆ ಖಂಡ ಬಿಗಿಯುತ್ತದೆ. ಚೀಲಕ್ಕೆ ಮರಳಿದರೆ ಸಡಿಲವಾಗುತ್ತದೆ. ಹಸುವಿನ ಅಂಡಕ್ಕೆ ಹೋರಿಯ ಬೀಜ ಸೇರಿದ ಗಳಿಗೆಯಲ್ಲಿಯೂ ಇದೇ ಕ್ಯಾಲ್ಸಿಯಂ ಅಲೆಯಂತೆ ಎದ್ದು ಅಂಡದ ತುಂಬ ಹಾಯುತ್ತದಂತೆ. ಬೆಳೆಯಲು ಶುರುಮಾಡು ಎಂದು ಅದಕ್ಕೆ ಹೇಳುವುದೂ ಇದೇ. ಎಷ್ಟು ಹಸುಗಳಿಗೆ ಬೀಜ ಕೊಡಿಸುವಾಗ ಬಾಲ ಹಿಡಿದು ನಿಂತಿದ್ದೇನೋ ನಾನು! ಒಳಗೆ ಅಂಥದ್ದೊಂದು ಅಲೆ ಏಳಲಿದೆ ಎಂದು ಯಾರು ಬಲ್ಲರು.

"ಕರು ಹಾಕಿದ ಹಸುವಿನ ಕೆಚ್ಚಲು ರಕ್ತದಲ್ಲಿರೋ ಕ್ಯಾಲ್ಸಿಯಂನ ಹಾಲಿಗೆ ಎಳ್ಕೊಳ್ಳುತ್ತೆ," ಎಂದರು. "ಉಗ್ರಾಣದ ಬೀಗ ತೆಗೆಯೋಕೆ ಮೂಳೆಗೆ ಒಂದೆರಡು ದಿನ ಬೇಕು. ಅಷ್ಟರಲ್ಲಿ ನೀವು ಗಿಣ್ಣು ಅಂತ ಪೂರ್ತಿ ಕರೆದ್ರೆ ಕೆಚ್ಚಲು ಇನ್ನೂ ಎಳ್ಕೊಳ್ಳುತ್ತೆ. ರಕ್ತದಲ್ಲಿ ಕಡಿಮೆ ಆದ್ರೆ ನರದ ತುದಿಗೆ ಏನು ನುಗ್ಗಬೇಕು? ಏಳು ಅಂತ ತಲೆ ಹೇಳುತ್ತೆ, ಕಾಲಿಗೆ ಸುದ್ದಿ ಹೋಗಲ್ಲ. ಅದಕ್ಕೇ ಮಲಗೋದು."

"ಬಾಟ್ಲಿ ಹಾಕಿದಾಗ ಸುದ್ದಿ ಹೋಯ್ತು. ತೇಗಿತು."

"ಹೂಂ."

"ಆಮೇಲೆ?"

ಆಕೆ ತಮ್ಮ ಮುಷ್ಟಿ ತೋರಿಸಿದರು. ಹಿಡಿದರು, ಬಿಟ್ಟರು, ಹಿಡಿದರು, ಬಿಟ್ಟರು. "ಹೃದಯ ಇಷ್ಟೇ. ಒಂದೊಂದು ಬಡಿತಕ್ಕೂ ಹೊರಗಿಂದ ಒಂಚೂರು ಕ್ಯಾಲ್ಸಿಯಂ ಒಳಗೆ ಬಂದು, ಒಳಗಿನ ಚೀಲ ಬಿಚ್ಚಿಸುತ್ತೆ. ಹಿಡಿ ಅನ್ನುತ್ತೆ. ಎಲ್ಲಾ ವಾಪಸು ಹೋದ್ರೆ ಬಿಡು. ಹೊರಗೆ ಒಂದೇ ಸಲ ಸುರಿದ್ರೆ ತಾಳ ತಪ್ಪುತ್ತೆ. ತಾಳ ತಪ್ತಾ ಇರೋದು ಸ್ಟೆತಸ್ಕೋಪಲ್ಲಿ ಕೇಳ್ಸುತ್ತೆ. ಆಗ ಬಾಟ್ಲಿ ಇಳಿಸಿದ್ರೆ ಸರಿಹೋಗುತ್ತೆ." ಮುಷ್ಟಿಯನ್ನು ಬಿಗಿಯಾಗಿ ಹಿಡಿದೇ ಇದ್ದರು. "ನೀವು ಬಿಡೋಕೆ ಪುರುಸೊತ್ತೇ ಕೊಡ್ಲಿಲ್ಲ ಯಜಮಾನ್ರೇ."

ಅದಕ್ಕಿಂತ ಸರಿಯಾಗಿ ನನ್ನ ಅಪರಾಧವನ್ನು ಯಾರೂ ಹೇಳಲಾರರು. ಎದ್ದು ನಿಂತೆ. ರೋಗ ಕೊಂದಿತು ಎಂದು ಇಷ್ಟು ವರ್ಷ ಹೇಳಿಕೊಂಡದ್ದು ಆ ಸ್ಟೂಲಿನ ಮೇಲೆಯೇ ಉಳಿಯಿತು.

"ನನ್ನ ತಂಗಿ ಫೋನ್ ಮಾಡಿದ್ರೆ ಬತ್ತೀರಾ?"

"ಯಾರು ಮಾಡಿದ್ರೂ ಬರ್ತೀನಿ. ಅವರು ಮಾಡಬೇಕಲ್ಲ."

ಆಸ್ಪತ್ರೆಯಿಂದ ನೇರವಾಗಿ ತಂಗಿಯ ಮನೆಗೆ ಹೋದೆ. ಮನೆಗೆ ಹೋಗಿ ಊಟ ಮಾಡಿದರೆ ಮನಸ್ಸು ಬದಲಾಗುತ್ತದೆ ಎಂಬ ಭಯ. ಅವಳು ಕೊಟ್ಟಿಗೆಯ ಮುಂದೆ ಕೂತು ಸೀಮೆಹುಲ್ಲು ಕತ್ತರಿಸುತ್ತಿದ್ದಳು. ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಹೇಳಿದೆ. ಗೇಟಿಗೆ ಯಾಕೆ ಕಳಿಸಿದೆ, ಬಾಟಲಿ ಎಷ್ಟು ಎತ್ತಿದೆ, ಎಲ್ಲಿ ಬಚ್ಚಿಟ್ಟೆ. ಅವಳ ಕುಡುಗೋಲು ನಿಂತಿತು. ಮತ್ತೆ ಒಂದೆರಡು ಹಿಡಿ ಹುಲ್ಲು ಕತ್ತರಿಸಿದಳು. ಮತ್ತೆ ನಿಂತಿತು.

"ಹಸು ಉಳಿಸಕ್ಕೆ ಹೋಗಿ ಹಂಗಾಯ್ತು ಅನ್ನು. ಆಯ್ತು. ಅದು ನನ್ನ ಹಣೇಬರ," ಎಂದಳು. "ಆ ಮಗೀನ ನಾನು ಬಾಯಿಗ್ ಬಂದಂಗೆ ಅಂದ್ನಲ್ಲ, ಮಣ್ಣು ತೂರಿದ್ನಲ್ಲ. ನೀನು ಅಲ್ಲೇ ಕರ ಹಿಡ್ಕಂಡು ನಿಂತಿದ್ದೆ. ಬಾಯಲ್ಲಿ ಏನ್ ಇಟ್ಕಂಡಿದ್ದೆ ಅಣ್ಣ ಅವಾಗ?"

ಅವಳು ಕುಡುಗೋಲನ್ನು ಹುಲ್ಲಿನ ಮೇಲೆ ಹಾಕಿ ಎದ್ದಳು.

"ಕೊಟ್ಟಿಗೆ ಕಡೆ ಕಾಲಿಡಬ್ಯಾಡ ಇನ್ನು."

"ಇಡಕ್ಕಿಲ್ಲ," ಎಂದೆ. "ಆದ್ರೆ ಮೇಡಮ್ಮೋರಿಗೆ ನೀನೇ ಫೋನ್ ಮಾಡ್ಬೇಕು. ಗಿಣ್ಣು ಅಂತ ಪೂರ್ತಿ ಕರೀಬ್ಯಾಡ. ಯಾರ್ ಕೇಳಿದ್ರೂ ಇಲ್ಲ ಅನ್ನು. ನಾನು ಕೇಳಿದ್ರೂ."

"ಎದ್ದೋಗು."

ಎದ್ದು ಹೋದೆ. ಆದರೆ ದಿನವೂ ಬೆಳಿಗ್ಗೆ ಸಂಜೆ ಅವಳ ಮನೆಯ ಎದುರಿನ ಮೋರಿಗಟ್ಟೆಯ ಮೇಲೆ ಬಂದು ಕೂರುತ್ತಿದ್ದೆ. ಅವಳು ನನ್ನ ಕಡೆ ನೋಡದೆ ಸಗಣಿ ಬಾಚಿ ಹಾಕುತ್ತಿದ್ದಳು. "ಏನ್ ಡಾಕ್ಟ್ರಣ್ಣ, ತಂಗಿ ಮನೆಗೆ ವಾಚ್‌ಮನ್ ಕೆಲ್ಸಕ್ಕೆ ಸೇರ್ಕಂಡಾ?" ಎಂದು ದಾರಿಹೋಕರು ಕೇಳಿದರೆ, ಹೂಂ ಅನ್ನುತ್ತಿದ್ದೆ.

ಹಸು ಕರು ಹಾಕಿತು. ತಂಗಿ ಕರುವಿಗೆ ಬೇಕಾದಷ್ಟು ಮಾತ್ರ ಕರೆದಳು ಎಂದು ಪಾತ್ರೆಯ ಸದ್ದಿನಿಂದಲೇ ತಿಳಿಯಿತು. ಆದರೂ ಮಾರನೆಯ ದಿನ ಅದು ಮುಗ್ಗರಿಸುತ್ತಾ ನಡೆದು, ಬಿಸಿಲೇರುವ ಹೊತ್ತಿಗೆ ಮಲಗಿಬಿಟ್ಟಿತು. ಕರೆಯುವುದನ್ನು ಹಿಡಿದರೂ ಒಮ್ಮೊಮ್ಮೆ ಬರುತ್ತದೆ. ಬರುವುದೇ ಇಲ್ಲವೆಂದು ಡಾಕ್ಟರಮ್ಮನೂ ಹೇಳಿರಲಿಲ್ಲ. ತಂಗಿ ಹೊರಗೆ ಬಂದು ನನ್ನನ್ನು ಒಮ್ಮೆ ನೋಡಿದಳು. ನನ್ನ ಕೈ ತಾನಾಗಿ ಮೇಲೆದ್ದಿತು. ಅದನ್ನು ತೊಡೆಯ ಕೆಳಗೆ ಹಾಕಿ ಕೂತೆ. ಅವಳು ಫೋನು ತೆಗೆದಳು.

"ಮೇಡಮ್ಮೋರೆ, ನಾನು. ಅವತ್ತು ನಿಮ್ಮನ್ನ ಬೈದೋಳು." ಅಷ್ಟು ಹೇಳಿ, ಹಸು ಮಲಗಿದೆ ಎಂದಳು.

ಸ್ಕೂಟರು ಬರುವವರೆಗಿನ ಹೊತ್ತನ್ನು ನಾನು ಹೇಗೆ ಕಳೆದೆನೋ ಕಾಣೆ. ರೈಲಿನ ಸದ್ದು ಕೇಳಿದಾಗ ಗೇಟು ಹಾಕಿರುತ್ತಾರೆ ಎಂದು ಕತ್ತು ಚಾಚಿ ರಸ್ತೆ ನೋಡಿದೆ. ಕೊಟ್ಟಿಗೆಯಿಂದ ಹಸುವಿನ ಉಸಿರು ಮೋರಿಗಟ್ಟೆಗೆ ಕೇಳುತ್ತಿತ್ತು. ನರ ಎಲ್ಲಿದೆ ಎಂದು ನನಗೆ ಗೊತ್ತು, ಬಾಟಲಿ ಎಲ್ಲಿ ಸಿಗುತ್ತದೆ ಎಂದೂ ಗೊತ್ತು. ಆದರೂ ಕೂತಿದ್ದೆ. ನನ್ನ ಬದುಕಿನಲ್ಲಿ ಕೂತು ಮಾಡಿದ ಕೆಲಸಗಳಲ್ಲಿ ಅದೇ ಕಷ್ಟದ್ದು.

ಡಾಕ್ಟರಮ್ಮ ಬಂದು ನನ್ನನ್ನು ದಾಟಿ ಒಳಗೆ ಹೋದರು. "ಬಾಟ್ಲಿ ಹಿಡಿಯೋಕೆ ಯಾರಿದ್ದಾರೆ?" ಎಂಬ ಮಾತು ಕೇಳಿಸಿತು.

"ನಾನೇ ಹಿಡೀತೀನಿ."

ಆಮೇಲೆ ಸದ್ದಿಲ್ಲ. ಮತ್ತೆ ಡಾಕ್ಟರಮ್ಮನ ದನಿ: "ಇಳಿಸಿ. ಸಾಕು, ಹಾಗೇ ಇರಲಿ. ಇನ್ನೂ ಸ್ವಲ್ಪ ಇಳಿಸಿ." ತಂಗಿಯ ತೋಳು ಸೋತಿರಬೇಕು; "ಈ ಕೈಗೆ ತಗಳ್ಲಾ?" ಎಂದಳು. "ತಗೊಳ್ಳಿ, ನಿಧಾನ. ನಮಗೇನೂ ಅವಸರ ಇಲ್ಲ." ಎತ್ತು ಎಂಬ ಮಾತು ಒಮ್ಮೆಯೂ ಬರಲಿಲ್ಲ. ನಾನು ನನ್ನ ಮುಷ್ಟಿಯನ್ನು ಹಿಡಿದು ಬಿಡುತ್ತಾ ಕೂತಿದ್ದೆ.

ತೇಗು ಕೇಳಿಸಿತು. ಹೊಟ್ಟೆಯ ಆಳದಿಂದ ಬಂದ ತೇಗು. ನಾನು ಎದ್ದೆ. ಒಳಗೆ ಹೋಗಲಿಲ್ಲ, ಮತ್ತೆ ಕೂತೆ. ತೇಗಿದ ಹಸು ಸತ್ತದ್ದನ್ನು ನೋಡಿದವನು ನಾನು. ಹೊತ್ತು ಕಳೆದು ಗೊರಸು ನೆಲವನ್ನು ಗೀಚಿದ ಸದ್ದಾಯಿತು, ಒಂದು ಸಲ ಜಾರಿತು, ಆಮೇಲೆ ಕರು ಹಾಲಿಗಾಗಿ ಮೂತಿಯಿಂದ ಗುದ್ದುವ ಸದ್ದು. ನಿಂತ ಹಸುವಿಗೆ ಮಾತ್ರ ಕರು ಹಾಗೆ ಗುದ್ದುತ್ತದೆ.

ಡಾಕ್ಟರಮ್ಮ ಹೋದ ಮೇಲೆ ತಂಗಿ ತೋಳು ನೀವಿಕೊಳ್ಳುತ್ತಾ ರಸ್ತೆಯವರೆಗೆ ಬಂದಳು. "ನಾನು ಆ ಮಗೀಗೆ ಲೇಟ್ ಮೇಡಂ ಅಂತ ಹೆಸರಿಟ್ಟಿದ್ದು ಡೈರಿ ಮುಂದೆ. ನಾಳೆ ಅಲ್ಲಿಗೆ ಬಾ," ಎಂದಳು.

ಬೆಳಿಗ್ಗೆ ಹಾಲು ಹಾಕುವವರ ಸಾಲು ಅರಳಿಕಟ್ಟೆಯವರೆಗೂ ಇತ್ತು. ಕ್ಯಾನಿಲ್ಲದೆ ಬಂದ ನನ್ನನ್ನು ಕಂಡು, "ಏನಪ್ಪಾ ಡಾಕ್ಟ್ರಣ್ಣ, ಬರೀ ಕೈಯಲ್ಲಿ? ಗಾಳಿ ಅಳೆಸಕ್ಕಾ?" ಎಂದೊಬ್ಬ ನಗಿಸಿದ. ನಗು ನಿಲ್ಲಲಿ ಎಂದು ಕಾದೆ. ಆಮೇಲೆ ಗಟ್ಟಿಯಾಗಿ ಹೇಳಿದೆ: ತಂಗಿಯ ಹಳೆಯ ಹಸು ಸತ್ತದ್ದು ರೋಗದಿಂದಲ್ಲ, ನಾನು ನರಕ್ಕೆ ಕ್ಯಾಲ್ಸಿಯಂ ಜೋರಾಗಿ ಬಿಟ್ಟದ್ದರಿಂದ.

ಒಬ್ಬ ಮುದುಕ ನನ್ನ ಹೆಗಲು ತಟ್ಟಿದ. "ಹೋಗ್ಲಿ ಬಿಡಯ್ಯ. ಬೇಕೂಂತ ಮಾಡಿದ್ಯಾ? ಉಳಿಸಾನ ಅಂತ ಹೋಗಿ ಆಗಿದ್ದು." ಇನ್ನಿಬ್ಬರು ಹೌದೌದು ಎಂದರು. ಮಾತು ಅಲ್ಲಿಗೆ ಮುಗಿಯಬಹುದಿತ್ತು. ಮುಗಿಯಲಿ ಎಂಬ ಆಸೆ ನನ್ನೊಳಗೆ ಎದ್ದದ್ದು ಸುಳ್ಳಲ್ಲ.

ಸಾಲಿನಲ್ಲಿದ್ದ ತಂಗಿ ಕ್ಯಾನಿನಿಂದ ಕಣ್ಣೆತ್ತದೆ, "ಇನ್ನೂ ಐತೆ. ಹೇಳು," ಎಂದಳು.

"ಮೇಡಂ ಬರೋ ಅಷ್ಟರಲ್ಲಿ ನಾನು ಬಾಟ್ಲಿ ಬಚ್ಚಿಟ್ಟೆ," ಎಂದೆ. "ಅವರು ಲೇಟಾಗಿ ಬಂದಿದ್ದಕ್ಕೇ ಸತ್ತೋಯ್ತು ಅಂತ ನಾನೇ ಅಂದೆ. ಗೊತ್ತಿದ್ದೂ ಗೊತ್ತಿದ್ದೂ ಇಷ್ಟು ವರ್ಷ ನಿಮ್ ಜೊತೆ ಸೇರಿ ಅವರನ್ನ ಆಡ್ಕಂಡೆ."

ಹೆಗಲ ಮೇಲಿದ್ದ ಕೈ ಹಿಂದಕ್ಕೆ ಹೋಯಿತು. ಯಾರೂ ಹೋಗ್ಲಿ ಬಿಡು ಎನ್ನಲಿಲ್ಲ. ಹೋದ ವರ್ಷ ಹಸು ಕಳೆದುಕೊಂಡಿದ್ದ ಒಬ್ಬ ಹೆಂಗಸು, "ಅಯ್ಯೋ ನಿನ್ ಮನೆ ಹಾಳಾಗ, ನಿನ್ ಮಾತು ಕಟ್ಕಂಡು ನಾವು ಆ ಯಮ್ಮನ್ನ ಕರೀಲಿಲ್ವಲ್ಲೋ," ಎಂದಳು. ಹೌದು ಎಂದೆ. ಸಾಲು ಮುಂದೆ ಸರಿಯಿತು. ತಂಗಿ ತನ್ನ ಹಾಲು ಅಳೆಸಿ ಖಾಲಿ ಕ್ಯಾನು ಹಿಡಿದು ಮನೆಯ ಕಡೆ ನಡೆದಳು.

ಸಾಲಿನ ತುದಿಗೆ ಆಗಷ್ಟೇ ಬಂದು ನಿಂತವರು ಏನೂ ಕೇಳಿಸಿಕೊಂಡಿರಲಿಲ್ಲ. ನಾನು ಅಲ್ಲಿಗೆ ನಡೆದು ಹೋಗಿ ಮೊದಲಿನಿಂದ ಹೇಳತೊಡಗಿದೆ.